ಕಲ್ಲಿನ ಕಮಾನಿನ ಕಾಯಕ

ಮುಂಬೈಯಿಂದ ಚೆನ್ನೈಗೆ ಹೋಗುವ ಹಳೆಯ ರೈಲುಮಾರ್ಗ ವಾಡಿ ಜಂಕ್ಷನ್ ಬಿಟ್ಟ ಮೇಲೆ ನಾಲವಾರ, ಯಾದಗಿರಿ, ಸೈದಾಪುರಗಳ ಮೇಲೆ ಹಾದು ಕೃಷ್ಣೆಯನ್ನು ಮುಟ್ಟುತ್ತದೆ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ, ದಕ್ಷಿಣದಿಂದ ಮದ್ರಾಸ್ ರೈಲ್ವೆ ಕಂಪನಿ ಹಳಿ ಹಾಸುತ್ತ ಬಂದು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಕಾಲದ ಎಂಜಿನಿಯರುಗಳು ಸಾಮಾನ್ಯವಾಗಿ ಅನುಸರಿಸುತ್ತಿದ್ದ ಕ್ರಮ ಸರಳವಾದದ್ದು. ಕೃಷ್ಣೆಯಂಥ ದೊಡ್ಡ ಹೊಳೆಗೆ ಕಲ್ಲಿನ ಕಂಬಗಳ ಮೇಲೆ ಕಬ್ಬಿಣದ ಗರ್ಡರು; ಹಳ್ಳಕೊಳ್ಳಗಳಿಗೆ ಕಲ್ಲಿನ ಕಮಾನು. ಗರ್ಡರುಗಳ ಕಥೆ ಕಬ್ಬಿಣದ ಕಥೆಯೇ: ತುಕ್ಕು ಹಿಡಿದಾಗ, ಭಾರ ಹೆಚ್ಚಿದಾಗ ಅವು ಬದಲಾಗುತ್ತವೆ, ಯಾರೂ ಅಳುವುದಿಲ್ಲ. ಕಮಾನುಗಳ ವಿಷಯ ಹಾಗಲ್ಲ. ಅವಕ್ಕೆ ಹೆಸರಿಲ್ಲ, ಕೈಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ನಂಬರು ಮಾತ್ರ. ಅವುಗಳಿಗೆ ಸ್ಮಾರಕದ ಪಟ್ಟವಿಲ್ಲ, ನೋಡಲು ಬರುವ ಪ್ರವಾಸಿಗರಿಲ್ಲ. ಇಂಥ ಒಂದು ಕಮಾನನ್ನು ತೆಗೆಯುವಾಗ ಕೆಲವು ಗಂಟೆಗಳ ಕಾಲ ರೈಲು ನಿಲ್ಲಿಸಿ, ಕಲ್ಲು ಕಿತ್ತು, ಮೊದಲೇ ಎರಕ ಹೊಯ್ದಿಟ್ಟ ಕಾಂಕ್ರೀಟಿನ ಬಾಕ್ಸ್‌ಗಳನ್ನು ಕೂರಿಸಿ, ಮತ್ತೆ ಖಡಿ ಸುರಿದು ಹಳಿ ಜೋಡಿಸುತ್ತಾರೆ. ಮರುದಿನದ ಪ್ರಯಾಣಿಕನಿಗೆ ಏನೂ ಗೊತ್ತಾಗುವುದಿಲ್ಲ. ದೇಶದಲ್ಲಿ ನೂರು ವರ್ಷ ದಾಟಿದ ರೈಲು ಸೇತುವೆಗಳು ಮೂವತ್ತೇಳು ಸಾವಿರದ ಆಸುಪಾಸಿನಲ್ಲಿವೆ ಎಂದು ಕೆಲವು ವರ್ಷಗಳ ಹಿಂದೆ ಸಂಸತ್ತಿಗೆ ಲೆಕ್ಕ ಕೊಡಲಾಗಿತ್ತು. ಕೆಡವುವುದೋ ಉಳಿಸುವುದೋ ಎಂಬ ಪ್ರಶ್ನೆ ಹೆಚ್ಚಾಗಿ ಏಳುವುದು ಹೆಸರಾಂತ ಕಟ್ಟಡಗಳ ಬಗ್ಗೆ. ನಂಬರು ಮಾತ್ರ ಇರುವ ಕಮಾನಿನ ಬಗ್ಗೆ ಅದೇ ಪ್ರಶ್ನೆ ಕೇಳಿದರೆ ಅಂದಚಂದ, ಹೆಮ್ಮೆ, ಪ್ರವಾಸೋದ್ಯಮ ಇವೆಲ್ಲ ಬದಿಗೆ ಸರಿದು, ಮನುಷ್ಯ ಕಟ್ಟಿದ ವಸ್ತುವಿನ ಮೇಲೆ ಮನುಷ್ಯನಿಗೆ ಎಷ್ಟು ಹಕ್ಕಿದೆ ಎಂಬ ತಿರುಳು ಮಾತ್ರ ಉಳಿಯುತ್ತದೆ.

ಈ ಸೀಮೆಯಲ್ಲಿ ಆ ತಿರುಳನ್ನು ಎಂಟುನೂರು ವರ್ಷಗಳ ಹಿಂದೆಯೇ ಶರಣರು ಎತ್ತಿಕೊಂಡಿದ್ದರು. ಬಸವಣ್ಣನವರಿಗಿಂತ ಹಿರಿಯನಾದ ನೇಕಾರ ದೇವರ ದಾಸಿಮಯ್ಯನ ಊರು ಸುರಪುರ ಸೀಮೆಯ ಮುದನೂರು. ಶರಣರು ನಿಂತದ್ದಕ್ಕೂ ನಡೆಯುವುದಕ್ಕೂ, ಸ್ಥಾವರಕ್ಕೂ ಜಂಗಮಕ್ಕೂ ನಡುವೆ ಗೆರೆ ಎಳೆದರು. ನಿಂತದ್ದು ಅಳಿಯುತ್ತದೆ, ನಡೆಯುವುದು ಉಳಿಯುತ್ತದೆ ಎಂಬ ಬಸವಣ್ಣನವರ ನಿಲುವು ಕನ್ನಡಿಗರಿಗೆ ಬಾಯಿಪಾಠ. ಇದನ್ನು ಸೇತುವೆಗೆ ಅನ್ವಯಿಸಿದರೆ ಉತ್ತರ ಬಹಳ ಸುಲಭವಾಗಿ ಸಿಗುತ್ತದೆ: ಕಲ್ಲಿನ ಕಮಾನು ಸ್ಥಾವರ, ಅದರ ಮೇಲೆ ಓಡುವ ರೈಲು ಜಂಗಮ, ರೈಲಿಗೆ ಅಡ್ಡಿಯಾದರೆ ಕಲ್ಲನ್ನು ಕೆಡವಿ, ಅದಕ್ಕಾಗಿ ಕೊರಗುವುದು ಕಲ್ಲನ್ನು ಪೂಜಿಸಿದಂತೆಯೇ. ಅಭಿವೃದ್ಧಿಯ ಪರವಾಗಿ ಮಾತಾಡುವವರು ವಚನಗಳನ್ನು ಹೀಗೆ ಕೈಗೆತ್ತಿಕೊಂಡರೆ ಆಶ್ಚರ್ಯವಿಲ್ಲ. ಆದರೆ ಈ ಓದು ತಪ್ಪು. ಮೊದಲನೆಯದಾಗಿ, ದಾಸಿಮಯ್ಯನ ವಚನಗಳ ಅಂಕಿತವೇ ಅವನ ಊರಿನ ಗುಡಿಯ ರಾಮನಾಥ. ನಿಂತ ಗುಡಿಯ ಹೆಸರನ್ನು ಬಿಡದೆಯೇ ಅವನು ಶರಣನಾದ. ಎರಡನೆಯದಾಗಿ, ಶರಣರು ಸ್ಥಾವರವನ್ನು ಟೀಕಿಸಿದ್ದು ಅದು ಕಲ್ಲಿನದು ಎಂಬ ಕಾರಣಕ್ಕಲ್ಲ. ಕಟ್ಟಿಸಿದವನ ಹೆಸರಿಗಾಗಿ ನಿಂತು, ಕಟ್ಟಿದವನ ಬೆವರನ್ನು ಮರೆಸಿ, ಒಳಗೆ ಬರಬಾರದವರ ಪಟ್ಟಿ ಹಿಡಿದು ಕೂತ ಕಟ್ಟಡವನ್ನು ಅವರು ಟೀಕಿಸಿದರು. ಅದಕ್ಕೆ ಎದುರಾಗಿ ಅವರು ಇಟ್ಟದ್ದು ಕಾಯಕ. ಕೆಲಸ ಮಾಡುತ್ತಿರುವುದು ಯಾವುದೋ ಅದು ಪೂಜೆಗೆ ಸಮ. ಕೆಲಸ ಮಾಡದೆ ಮಾನ ಬೇಡುವುದಕ್ಕೆ ಬೆಲೆಯಿಲ್ಲ.

ಈ ಅಳತೆಗೋಲಿನಿಂದ ನೋಡಿದರೆ ಕಮಾನು ಸೇತುವೆ ಶರಣರು ಬೈದ ಸ್ಥಾವರದ ಜಾತಿಗೆ ಸೇರುವುದೇ ಇಲ್ಲ. ಅದರ ಮೇಲೆ ಕಟ್ಟಿಸಿದವನ ಹೆಸರಿಲ್ಲ. ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗುವವನ ಜಾತಿಯನ್ನು ಅದು ಕೇಳುವುದಿಲ್ಲ. ನಡೆಯುವುದಕ್ಕಾಗಿಯೇ ನಿಂತಿರುವ ವಸ್ತು ಅದು. ಹಾಗಾದರೆ ಅದನ್ನು ಉಳಿಸಬೇಕೆ ಎಂದು ಕೇಳುವಾಗ ಅದಕ್ಕೆ ಎಷ್ಟು ವಯಸ್ಸಾಯಿತು, ಅದು ಎಷ್ಟು ಅಪರೂಪದ್ದು ಎಂಬ ಪ್ರಶ್ನೆಗಳು ಎರಡನೆಯವು. ಮೊದಲನೆಯದು, ಅದಕ್ಕೆ ಇನ್ನೂ ಮಾಡಬಲ್ಲ ಕಾಯಕ ಇದೆಯೇ ಎಂಬುದು. ಇದ್ದರೆ ಅದನ್ನು ಕೆಡವುವವನು ಕಾರಣ ಕೊಡಬೇಕು, ಉಳಿಸಿ ಎನ್ನುವವನಲ್ಲ. ಇಲ್ಲದಿದ್ದರೆ, ಅಥವಾ ಅದರ ಇರುವಿಕೆಯೇ ಜೀವಂತರಾದ ಯಾರದೋ ದಾರಿಗೆ, ಹೊಲಕ್ಕೆ, ಪ್ರಾಣಕ್ಕೆ ಅಡ್ಡವಾಗಿದ್ದರೆ, ಅದನ್ನು ತೆಗೆಯುವುದರಲ್ಲಿ ಪಾಪವಿಲ್ಲ.

ಕಮಾನು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನಿಧಾನಿಸಿ ನೋಡಬೇಕು, ಯಾಕೆಂದರೆ ವಾದದ ಅರ್ಧ ಅಲ್ಲಿದೆ. ತೊಲೆಯ ಮೇಲೆ ಭಾರ ಬಿದ್ದರೆ ಅದರ ಮೈ ಮೇಲ್ಗಡೆ ಒತ್ತಿ ಕೆಳಗಡೆ ಎಳೆಯುತ್ತದೆ. ಕಲ್ಲು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಶಹಾಪುರದ ಹತ್ತಿರದ ಶಿರವಾಳದ ಹಳೆಯ ಗುಡಿಗಳಲ್ಲಿ ಕಂಬಗಳು ಒತ್ತೊತ್ತಾಗಿರುವುದಕ್ಕೆ ಇದೇ ಕಾರಣ: ಕಲ್ಲಿನ ತೊಲೆಯನ್ನು ಬಹಳ ದೂರ ಚಾಚುವಂತಿಲ್ಲ. ಕಮಾನು ಈ ಕಷ್ಟವನ್ನು ತಿರುಗಿಸಿ ಹಾಕಿತು. ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ನೆತ್ತಿಯ ಕೀಲುಗಲ್ಲು ಎರಡೂ ಬದಿಯನ್ನು ಬಿಗಿಯುತ್ತದೆ, ಭಾರವೆಲ್ಲ ಒತ್ತಡವಾಗಿ ಇಳಿದು ಬುಡದ ಗೋಡೆಗಳಿಗೆ ಸೇರುತ್ತದೆ. ಅಲ್ಲಿ ಎಳೆತ ಎಂಬುದು ಇಲ್ಲವೆಂದೇ ಹೇಳಬೇಕು. ಮೇಲೆ ತುಂಬಿದ ಮಣ್ಣು ಮತ್ತು ಕಲ್ಲುಚೂರು ರೈಲಿನ ಗಾಲಿಯ ಏಟನ್ನು ಹಂಚುತ್ತವೆ. ಅಂದರೆ ಕಮಾನು ತನ್ನ ಮೇಲೆ ಭಾರ ಇರುವುದರಿಂದಲೇ ನಿಂತಿದೆ. ಭಾರ ಅದಕ್ಕೆ ಶತ್ರುವಲ್ಲ. 1870ರ ದಶಕದ ಎಂಜಿನ್ನುಗಳಿಗಾಗಿ ಕಟ್ಟಿದ ಕಮಾನುಗಳ ಮೇಲೆ ಇಂದು ಆಗ ಯಾರೂ ಊಹಿಸದ ತೂಕದ ಸರಕು ರೈಲುಗಳು ಓಡುತ್ತಿರುವುದು ಇದೇ ಕಾರಣಕ್ಕೆ. ಈ ವಿದ್ಯೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದೆಂದು ತಿಳಿಯುವುದೂ ಸರಿಯಲ್ಲ. ಕಲಬುರಗಿ ಕೋಟೆಯ ಜಾಮಿಯಾ ಮಸೀದಿ 1367ರದು. ಅದರ ಕಮಾನುಗಳು ನಿಂತು ಐದುನೂರು ವರ್ಷವಾದ ಮೇಲೆ ಈ ಸೀಮೆಗೆ ರೈಲು ಬಂತು. ಗಚ್ಚು ಕಲಸುವುದು, ಕಲ್ಲಿಗೆ ಕೋನ ಕೊಡುವುದು, ಕಮಾನು ಕೂಡುವ ತನಕ ಕೆಳಗೆ ಕಟ್ಟಿಗೆಯ ಸೆಂಟ್ರಿಂಗ್ ಕೊಡುವುದು ಇಲ್ಲಿಯ ಕೈಗಳಿಗೆ ಹೊಸದಾಗಿರಲಿಲ್ಲ. ನಕಾಶೆ ಮತ್ತು ಹುಕುಂ ಕಂಪನಿಯದು. ಕಲ್ಲು ಒಡೆದು ಹೊತ್ತವರು ದಖ್ಖನದ ಒಡ್ಡರು ಮತ್ತು ಅವರಂಥ ಕೂಲಿಗಳು. ಇದೇ ಮಾರ್ಗದ ಭೋರ್ ಘಾಟಿನಲ್ಲಿ 1861ರ ಹೊತ್ತಿಗೆ ನಲವತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅವರಲ್ಲಿ ಒಬ್ಬನ ಹೆಸರೂ ಯಾವ ಕಲ್ಲಿನ ಮೇಲೂ ಇಲ್ಲ.

ಕೆಲಸ ಇದ್ದ ಕಲ್ಲು ಉಳಿಯುತ್ತದೆ, ಇಲ್ಲದ ಕಲ್ಲು ಕಳೆದುಹೋಗುತ್ತದೆ ಎಂಬುದಕ್ಕೆ ಶಹಾಪುರ ತಾಲ್ಲೂಕಿಗೆ ಎದುರಾಗಿ ಭೀಮೆಯ ಆಚೆ ದಂಡೆಯಲ್ಲಿರುವ ಸನ್ನತಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಹಾಸುಗಲ್ಲನ್ನು ನೋಡಿದರೆ ಅದರ ಎರಡೂ ಮೈಯಲ್ಲಿ ಅಶೋಕನ ಶಾಸನ. ಯಾವುದೋ ಕಾಲದ ಕಲ್ಲುಕುಟಿಗ ಮೂರ್ತಿಯನ್ನು ನಿಲ್ಲಿಸಲು ಶಾಸನದ ನಟ್ಟನಡುವೆ ಚೌಕ ತೂತು ಕೊರೆದಿದ್ದ, ಅಕ್ಷರಗಳು ಹಾಳಾದವು. ಇಂದಿನ ಪುರಾತತ್ವದವರ ಕಣ್ಣಿಗೆ ಅದು ಅಪರಾಧವೇ. ಆದರೆ ಆ ಕಲ್ಲಿಗೆ ಪೀಠವಾಗುವ ಕೆಲಸ ಸಿಗದಿದ್ದರೆ ಅದು ಯಾರದೋ ಮನೆಯ ಮೆಟ್ಟಿಲಾಗಿಯೋ ಸುಣ್ಣದ ಭಟ್ಟಿಗೆ ಹೋಗಿಯೋ ಎಂದೋ ಮುಗಿದಿರುತ್ತಿತ್ತು. ಪಕ್ಕದ ಕನಗನಹಳ್ಳಿಯ ಮಹಾಸ್ತೂಪದ್ದು ಇನ್ನೊಂದು ಬಗೆ. ಬೌದ್ಧರು ಹೋದ ಮೇಲೆ ಅದಕ್ಕೆ ಕೆಲಸವೂ ಇರಲಿಲ್ಲ, ಕಾಯುವವರೂ ಇರಲಿಲ್ಲ. ಕುಸಿದು, ಹೂತು, 1990ರ ದಶಕದ ಉತ್ಖನನದ ತನಕ ದಿಬ್ಬವಾಗಿ ಬಿದ್ದಿತ್ತು. ಅಶೋಕನ ಹೆಸರು ಕೆತ್ತಿದ ಅವನ ಉಬ್ಬುಶಿಲ್ಪ ಆ ದಿಬ್ಬದೊಳಗಿತ್ತು. ಶಾಸನದ ಕಲ್ಲನ್ನು ಉಳಿಸಿದ್ದು ಭಕ್ತಿಯೂ ಅಲ್ಲ, ಇತಿಹಾಸಪ್ರಜ್ಞೆಯೂ ಅಲ್ಲ, ಹಣದ ಉಳಿತಾಯ ಎನ್ನಬಹುದು: ಕೈಗೆ ಸಿಕ್ಕ ಒಳ್ಳೆಯ ಕಲ್ಲನ್ನು ಬಿಡಬಾರದೆಂಬ ಕಸುಬುದಾರನ ಲೆಕ್ಕ. ಆ ಲೆಕ್ಕವನ್ನು ನಾನು ಕೀಳಾಗಿ ಕಾಣಲಾರೆ.

ಇಲ್ಲಿ ಒಂದು ಆಕ್ಷೇಪ ಎದ್ದು ನಿಲ್ಲುತ್ತದೆ. ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಬಯಲಿನ ತುಂಬ ಸಾಲುಸಾಲಾಗಿ ಇಟ್ಟ ಗುಂಡುಗಳಿವೆ. ಪುರಾತತ್ವ ಇಲಾಖೆ ಅವನ್ನು ರಕ್ಷಿಸಿದೆ. ಸುರಪುರ ಸೀಮೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದಿನ ಮಾನವರು ಸುಣ್ಣಕಲ್ಲನ್ನು ಒಡೆದು ಆಯುಧ ಮಾಡಿದ ಜಾಗವನ್ನು ಕೆ. ಪದ್ದಯ್ಯ ಅವರ ತಂಡ ಶೋಧಿಸಿದೆ. ಈ ಕಲ್ಲುಗಳಿಗೆ ಇಂದು ಯಾವ ಕೆಲಸವೂ ಇಲ್ಲ. ಕಾಯಕವೇ ಅಳತೆಯಾದರೆ ಇವನ್ನೂ ಖಡಿ ಮಷಿನ್ನಿಗೆ ಹಾಕಬೇಕಾಗುತ್ತದಲ್ಲ? ಇಲ್ಲ. ವಿಭೂತಿಹಳ್ಳಿಯ ಸಾಲುಗಳನ್ನು ಯಾರು ಯಾಕೆ ಇಟ್ಟರೆಂಬುದಕ್ಕೆ ಇನ್ನೂ ಒಪ್ಪುವಂಥ ಉತ್ತರವಿಲ್ಲ. ಓದಿ ಮುಗಿಯದ ಬರಹವನ್ನು ಹರಿಯುವುದು ಬೇರೆ ಬಗೆಯ ಅನ್ಯಾಯ. ರೈಲಿನ ಕಮಾನು ಅಂಥ ಗುಟ್ಟಲ್ಲ. ಅದನ್ನು ಯಾಕೆ ಕಟ್ಟಿದರೆಂಬುದು ಪೂರ್ತಿ ಗೊತ್ತು, ಅದರ ಲೆಕ್ಕಾಚಾರ ಪುಸ್ತಕದಲ್ಲಿದೆ. ಆದ್ದರಿಂದ ಅದರ ಪರವಾಗಿ 'ಪ್ರಾಚೀನ' ಎಂಬ ವಾದವನ್ನು ನಾನು ಹೂಡುವುದಿಲ್ಲ. ಹೂಡಿದರೆ ಅದಕ್ಕೂ ತಂತಿಬೇಲಿ ಮತ್ತು ನೀಲಿ ಫಲಕ ಸಿಗುತ್ತದೆ, ದುಡಿಯುವ ವಸ್ತು ನೋಡುವ ವಸ್ತುವಾಗುತ್ತದೆ. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರ ವಿಶ್ವಕರ್ಮರ ಗುರು. ಆ ಕುಲಕಸುಬಿನವರು ಉಳಿ ಸುತ್ತಿಗೆಗಳಿಗೆ ಪೂಜೆ ಮಾಡುತ್ತಾರೆ. ಮಾಡಿ ಮರುದಿನ ಅವನ್ನು ಕೈಗೆತ್ತಿಕೊಳ್ಳುತ್ತಾರೆ. ಪೂಜೆಯ ಹೆಸರಿನಲ್ಲಿ ಉಳಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅವರಿಗೆ ಅದು ಪೂಜೆಯೆನಿಸಲಾರದು.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಪ್ರಾಣದ ಪ್ರಶ್ನೆ. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ ಬಳಿ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಕಲ್ಲಿನ ಕಮಾನು ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಗಿ, ಎರಡು ಬಸ್ಸುಗಳ ಸಮೇತ ಹಲವಾರು ಜನ ಹೊಳೆಯ ಪಾಲಾದರು. ಅದು ರಸ್ತೆ ಸೇತುವೆಯಾದರೂ ಕಮಾನು ಕಮಾನೇ. ಇಂಥದ್ದನ್ನು ಕಂಡ ಮೇಲೆ ಹಳೆಯ ಕಲ್ಲಿನ ಪರವಾಗಿ ಬರೆಯುವವನು ಸ್ವಲ್ಪ ತಗ್ಗಿದ ದನಿಯಲ್ಲಿ ಬರೆಯಬೇಕು. ಆದರೂ ಸಾಕ್ಷಿಯನ್ನು ಪೂರ್ತಿ ನೋಡೋಣ. ಕಮಾನು ಸಾಮಾನ್ಯವಾಗಿ ಸೋಲುವುದು ಮೇಲಿನ ಭಾರಕ್ಕಲ್ಲ, ಕೆಳಗಿನ ನೀರಿಗೆ. ಹೊಳೆ ಬುಡದ ಮಣ್ಣನ್ನು ಕೊರೆದಾಗ, ಕಂಬ ಕುಸಿದಾಗ, ಒತ್ತಡದ ಸಾಲು ತಪ್ಪಿ ಕಲ್ಲು ಕಳಚುತ್ತದೆ. ಈ ಗಂಡಾಂತರ ಹಳೆಯದಕ್ಕೆ ಮಾತ್ರ ಮೀಸಲಲ್ಲ. 2024ರ ಮಳೆಗಾಲದಲ್ಲಿ ಬಿಹಾರದಲ್ಲಿ ಕೆಲವೇ ವಾರಗಳಲ್ಲಿ ಸಾಲುಸಾಲಾಗಿ ಬಿದ್ದ ಸೇತುವೆಗಳಲ್ಲಿ ಹೊಸವೂ ಇದ್ದವು, ಇನ್ನೂ ಕಟ್ಟುತ್ತಿದ್ದವೂ ಇದ್ದವು. 2005ರ ಅಕ್ಟೋಬರಿನಲ್ಲಿ ತೆಲಂಗಾಣದ ವಲಿಗೊಂಡದ ಬಳಿ ಕೆರೆ ಒಡೆದ ನೀರು ಹಳಿಯ ಕೆಳಗಿನ ಸಣ್ಣ ಸೇತುವೆಯನ್ನು ಕಿತ್ತುಕೊಂಡು ಹೋಗಿ ಡೆಲ್ಟಾ ಪ್ಯಾಸೆಂಜರಿನ ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಕೊಂದದ್ದು ನೀರು. ಹೊಸದಾಗಿ ಕಟ್ಟಿದ್ದು ಕೆಟ್ಟದಾಗಿ ಕಟ್ಟಿದ್ದಾದರೆ ಎಳೆಯ ವಯಸ್ಸು ಕಾಪಾಡುವುದಿಲ್ಲ ಎಂಬುದು ಕಂಪನಿಯ ಕಾಲದಲ್ಲೇ ಗೊತ್ತಾಗಿತ್ತು: ಯಾದಗಿರಿಗೆ ಬರುವ ಇದೇ ಮಾರ್ಗದ ಭೋರ್ ಘಾಟಿನಲ್ಲಿ ಮಾವ್-ಕೆ-ಮಲ್ಲಿ ಎಂಬ ಕಮಾನು ಸೇತುವೆ ಕಟ್ಟಿ ಕೆಲವೇ ವರ್ಷಕ್ಕೆ, 1867ರ ಜುಲೈಯಲ್ಲಿ, ಕಳಪೆ ಕಲ್ಲುಕೆಲಸದಿಂದ ಕುಸಿಯಿತು. ಕೆಡವುವುದರಲ್ಲೂ ಸಾವಿದೆ ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. 2006ರ ಡಿಸೆಂಬರ್ 2ರಂದು ಭಾಗಲ್ಪುರದಲ್ಲಿ ಒಂದೂವರೆ ಶತಮಾನದಷ್ಟು ಹಳೆಯ ಮೇಲ್ಸೇತುವೆಯನ್ನು ಬಿಚ್ಚುತ್ತಿರುವಾಗ ಅದರ ಒಂದು ಭಾಗ ಕೆಳಗೆ ಹೋಗುತ್ತಿದ್ದ ರೈಲಿನ ಮೇಲೆ ಬಿದ್ದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಕಲ್ಲುಗಳು ಒಂದನ್ನೊಂದು ಹಿಡಿದಿರುವ ತನಕ ಗಟ್ಟಿಯಾಗಿರುವ ಕಮಾನು, ಒಂದು ಬದಿಯ ಹಿಡಿತ ತಪ್ಪಿದ ಗಳಿಗೆಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ರೈಲ್ವೆ ಇಲಾಖೆ ತಾನೇ ಸಂಸತ್ತಿನಲ್ಲಿ ಮತ್ತೆ ಮತ್ತೆ ಹೇಳಿದ ಮಾತೆಂದರೆ ಸೇತುವೆಯ ವಯಸ್ಸಿಗೂ ಅದರ ಸ್ಥಿತಿಗೂ ನೇರ ಸಂಬಂಧವಿಲ್ಲ, ಮಳೆಗಾಲದ ಮುಂಚೆ ಒಮ್ಮೆ ನಂತರ ಒಮ್ಮೆ ತಪಾಸಣೆ ಮಾಡಿ ಸ್ಥಿತಿ ನೋಡಿಯೇ ನಿರ್ಧರಿಸುತ್ತೇವೆ ಎಂಬುದು. ಈ ಮಾತಿಗೆ ಇಲಾಖೆ ಬದ್ಧವಾಗಿರಲಿ ಎನ್ನುವುದಕ್ಕಿಂತ ಹೆಚ್ಚೇನನ್ನೂ ನಾನು ಕೇಳುತ್ತಿಲ್ಲ. ಬುಡ ಸಡಿಲವಾಗಿದ್ದರೆ ರೈಲು ನಿಲ್ಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. 'ನೂರೈವತ್ತು ವರ್ಷವಾಯಿತು' ಎಂಬುದು ಮಾತ್ರ ಕಾರಣವಾಗಬಾರದು.

ತರ್ಕದ ದೃಷ್ಟಿಯಿಂದ ಇದಕ್ಕಿಂತ ಚುರುಕಾದ ಆಕ್ಷೇಪ ಒಂದಿದೆ. ಕಾಯಕವೇ ಮುಖ್ಯವಾದರೆ ಕಾಂಕ್ರೀಟಿನ ಬಾಕ್ಸ್ ಅದೇ ಕಾಯಕವನ್ನು ಇನ್ನೂ ಚೆನ್ನಾಗಿ ಮಾಡುವಾಗ ಕಲ್ಲಿಗೇಕೆ ಅಂಟಿಕೊಳ್ಳಬೇಕು? ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ಕೇಳಿದ ಪ್ರಶ್ನೆ ಇಲ್ಲಿ ಸಲ್ಲುತ್ತದೆ. ರಥವೆಂದರೆ ಚಕ್ರವೇ, ನೊಗವೇ, ಅಚ್ಚೇ? ಯಾವುದೂ ಅಲ್ಲದಿದ್ದರೆ ರಥ ಎಲ್ಲಿದೆ? ಯಾದಗಿರಿಯ ಹಳಿಯನ್ನೇ ನೋಡಿ. 1871ರ ಕಂಬಿ ಇಲ್ಲ, ಕಟ್ಟಿಗೆಯ ಸ್ಲೀಪರು ಇಲ್ಲ, ಖಡಿ ಎಷ್ಟೋ ಸಲ ಬದಲಾಗಿದೆ, ಉಗಿ ಎಂಜಿನ್ನು ಹೋಗಿ ಡೀಸೆಲ್ಲು, ಅದೂ ಹೋಗಿ ವಿದ್ಯುತ್ತು ಬಂದಿದೆ. ಆದರೂ ಅದೇ ಮಾರ್ಗ ಎನ್ನುತ್ತೇವೆ. ಕಮಾನೂ ಬದಲಾದರೆ ಮಾರ್ಗಕ್ಕೇನು ಕೊರತೆ? ಬೌದ್ಧರ ತರ್ಕವನ್ನು ನಾನು ಒಪ್ಪುತ್ತೇನೆ. ಕಲ್ಲಿನೊಳಗೆ ಕಾಪಾಡಬೇಕಾದ ಆತ್ಮವೇನೂ ಇಲ್ಲ. ಸವೆದ ಕಲ್ಲನ್ನು ತೆಗೆದು ಹೊಸ ಕಲ್ಲು ಕೂರಿಸಿದರೆ ಕಮಾನು ನಕಲಿಯಾಗುವುದಿಲ್ಲ. ನಮ್ಮ ಶಿಲ್ಪಶಾಸ್ತ್ರಗಳೂ ಇದನ್ನೇ ಹೇಳಿದವು. ಮಯಮತದಂಥ ಗ್ರಂಥ ಜೀರ್ಣವಾದದ್ದನ್ನು ಸರಿಪಡಿಸುವುದಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿದೆ, ಕೆಟ್ಟ ಭಾಗವನ್ನು ಬದಲಿಸುವುದು ಅಲ್ಲಿ ದೋಷವಲ್ಲ. ಆದರೆ ತರ್ಕ ಒಂದು ವ್ಯತ್ಯಾಸವನ್ನು ಮರೆಸುತ್ತದೆ. ಕಂಬಿಯನ್ನು ತೆಗೆದಾಗ ಅದು ಸವೆದಿತ್ತು, ಸ್ಲೀಪರು ಕೊಳೆತಿತ್ತು. ಅವುಗಳ ದುಡಿಮೆ ಮುಗಿದಿತ್ತು. ಗಟ್ಟಿಯಾಗಿರುವ ಕಮಾನನ್ನು ತೆಗೆಯುವಾಗ ದುಡಿಯಬಲ್ಲದ್ದನ್ನೇ ದುಡಿಮೆಯಿಂದ ಬಿಡಿಸುತ್ತೇವೆ. ಹೆಚ್ಚು ಬಲದವನು ಬಂದನೆಂದು ಇನ್ನೂ ದುಡಿಯುತ್ತಿರುವವನನ್ನು ಹೊರಹಾಕುವುದು ಕಾಯಕದ ನೀತಿಗೆ ಹೊಂದುವುದಿಲ್ಲ. ಹೆಚ್ಚಾದದ್ದನ್ನು ಇಲ್ಲದವರಿಗೆ ಹಂಚಬೇಕೆಂಬ ದಾಸೋಹದ ನೀತಿಯ ಪ್ರಕಾರ, ಮುಖ್ಯಮಾರ್ಗಕ್ಕೆ ಹೆಚ್ಚಾದ ಸೇತುವೆ ಸೇತುವೆಯೇ ಇಲ್ಲದ ಹಳ್ಳಿಗೆ ಸಲ್ಲಬೇಕು. ಇದರ ಮೇಲೆ ಇನ್ನೊಂದು ಸಂಗತಿ: ಬಾಕ್ಸನ್ನು ಎಂದು ಬೇಕಾದರೂ ಕೂರಿಸಬಹುದು, ಅದನ್ನು ಎರಕ ಹೊಯ್ಯುವ ಗುತ್ತಿಗೆದಾರರು ನಾಳೆಯೂ ಸಿಗುತ್ತಾರೆ. ಕಲ್ಲಿನ ಕಮಾನು ಕಟ್ಟುವ ಮೇಸ್ತ್ರಿ ಇಂದು ಯಾವ ಟೆಂಡರಿಗೂ ಬರುವುದಿಲ್ಲ. ಒಂದು ದಾರಿಯಲ್ಲಿ ಹಿಂತಿರುಗಬಹುದು, ಇನ್ನೊಂದರಲ್ಲಿ ಸಾಧ್ಯವಿಲ್ಲ ಎಂದಾದಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಸುರಪುರದಲ್ಲಿ ನಿಂತು ಈ ಮಾತಾಡಿದರೆ ಬೇರೊಂದು ಪ್ರಶ್ನೆ ಬರುತ್ತದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದ, ಸೋತ, ಸೆರೆಸಿಕ್ಕ, ಚೆಂಗಲ್ಪಟ್ಟು ಸೆರೆಗೆ ಒಯ್ಯುವ ದಾರಿಯಲ್ಲಿ ಸತ್ತ. 1860ರಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಒಪ್ಪಿಸಲಾಯಿತು. ಹನ್ನೊಂದು ವರ್ಷದ ಮೇಲೆ ಯಾದಗಿರಿಯ ಮೇಲೆ ಓಡಿದ ರೈಲು ಆಳುವವರ ಸೈನ್ಯಕ್ಕೂ ಹತ್ತಿಗೂ ಬೇಕಾಗಿದ್ದದ್ದು. ಅಂಥವರ ಸೇತುವೆಗೆ ಮಮತೆ ಏಕೆ? ಈ ಪ್ರಶ್ನೆ ಕೇಳುವವರಿಗೆ ನಾನು ಎರಡು ಸಂಗತಿ ತೋರಿಸುತ್ತೇನೆ. ಒಂದು, ರೈಲ್ವೆ ಕಂಪನಿಗೆ ಹೂಡಿದ ಹಣದ ಮೇಲೆ ಶೇ 5ರ ಬಡ್ಡಿಯನ್ನು ಸರಕಾರ ಖಾತ್ರಿ ಮಾಡಿತ್ತು, ಆ ಖಾತ್ರಿ ಭಾರತದ ಕಂದಾಯದ ಮೇಲೆ ನಿಂತಿತ್ತು. ಹಣ ರೈತನದು, ಕಲ್ಲು ಈ ನೆಲದ್ದು, ಕೈ ಒಡ್ಡನದು. ಕಂಪನಿಯದೆಂದು ಅದನ್ನು ಬಿಟ್ಟುಕೊಟ್ಟರೆ ಕಂಪನಿ ಹೇಳಿದ ಸುಳ್ಳನ್ನು ನಾವೇ ಮುಂದುವರಿಸಿದಂತೆ. ಎರಡನೆಯದು, ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇನ್ನೂ ನಿಂತಿದೆ. ಸಂಸ್ಥಾನದ ಆಡಳಿತಕ್ಕೆ ಇಂಗ್ಲಿಷರು ಕಳಿಸಿದ್ದ ಮೆಡೋಸ್ ಟೇಲರ್ ಕಟ್ಟಿಸಿಕೊಂಡ ಮನೆ ಅದು. ವೆಂಕಟಪ್ಪ ನಾಯಕನನ್ನು ಹಾಡಿ ಹೊಗಳುವ ಊರೇ ಆ ಮನೆಯನ್ನು ಕೆಡವಲಿಲ್ಲ. ಆಳಿದವರ ಮೇಲಿನ ಸಿಟ್ಟನ್ನು ಗೋಡೆಯ ಮೇಲೆ ತೀರಿಸಿಕೊಳ್ಳದಿರುವುದು ದೌರ್ಬಲ್ಯವೆಂದು ನನಗನಿಸಿಲ್ಲ.

ಹಣದ ಮಾತಿಗೆ ಹೆಚ್ಚು ಹೊತ್ತು ಬೇಡ. ಹಳೆಯದರ ದುರಸ್ತಿ ದುಬಾರಿ ಎಂಬ ಅಂದಾಜುಗಳನ್ನು ಅನೇಕ ಸಲ, ಕೆಡವಬೇಕೆಂದು ಮೊದಲೇ ನಿಶ್ಚಯಿಸಿದವರೇ ಮಾಡಿರುತ್ತಾರೆ. ಇಂಗ್ಲೆಂಡಿನ ರಿಬಲ್‌ಹೆಡ್ ಕಮಾನು ಸೇತುವೆಯ ದುರಸ್ತಿಗೆ ದೊಡ್ಡ ಮೊತ್ತ ಬೇಕೆಂದು ಹೇಳಿ 1980ರ ದಶಕದಲ್ಲಿ ಆ ಮಾರ್ಗವನ್ನೇ ಮುಚ್ಚಲು ಹೊರಟಿದ್ದರು. ಪ್ರಯೋಗಕ್ಕೆಂದು ಒಂದಿಷ್ಟು ರಿಪೇರಿ ಮಾಡಿ ನೋಡಿದಾಗ ಖರ್ಚು ಅಂದಾಜಿಗಿಂತ ಬಹಳ ಕಡಿಮೆ ಎಂದು ಕಂಡಿತು, 1989ರಲ್ಲಿ ಮಾರ್ಗ ಉಳಿಯಿತು, ಇಂದಿಗೂ ರೈಲು ಓಡುತ್ತಿದೆ. ಅ‌ದೇ ದೇಶದಲ್ಲಿ 2021ರಲ್ಲಿ ಗ್ರೇಟ್ ಮಸ್ಗ್ರೇವ್ ಎಂಬಲ್ಲಿಯ ಹಳೆಯ ಕಮಾನಿನ ಹೊಟ್ಟೆಗೆ ಸಾವಿರಕ್ಕೂ ಹೆಚ್ಚು ಟನ್ ಕಲ್ಲುಪುಡಿ, ಕಾಂಕ್ರೀಟು ತುಂಬಿ 'ಸುರಕ್ಷಿತ' ಮಾಡಿದರು. ಸ್ಥಳೀಯ ಆಡಳಿತ ಒಪ್ಪಲಿಲ್ಲ. ಎರಡು ವರ್ಷದ ಮೇಲೆ ತುಂಬಿದವರೇ ಅದನ್ನು ತೆಗೆಯಬೇಕಾಯಿತು. ಕೆಡವದೆ ಹೂಳುವುದೂ ಒಂದು ಬಗೆಯ ಕೆಡವುವಿಕೆಯೇ. ನಮ್ಮ ಹತ್ತಿರದ ಉದಾಹರಣೆ ರಾಯಚೂರು ಜಿಲ್ಲೆಯ ದೇವಸೂಗೂರಿನ ಬಳಿ ಕೃಷ್ಣೆಗೆ ಅಡ್ಡಲಾಗಿರುವ ಸಿರಾತ್-ಎ-ಜೂದಿ. ಅದು ರಸ್ತೆ ಸೇತುವೆ; ಉಸ್ಮಾನ್ ಅಲಿ ಖಾನ್ ನಿಜಾಮನ ಕಾಲದಲ್ಲಿ 1943ರಲ್ಲಿ ಮುಗಿದದ್ದು, ಉದ್ದಕ್ಕೂ ಕಲ್ಲಿನ ಕಮಾನುಗಳು. ಭಾರೀ ಲಾರಿಗಳು ತುಳಿದು ಅದರ ಮೈ ಜರ್ಜರಿತವಾಗಿದೆ, ದುರಸ್ತಿಗೆಂದು ಸಂಚಾರ ನಿಲ್ಲಿಸಿದ್ದೂ ಉಂಟು. ಅಲ್ಲಿ ವಿವೇಕದ ದಾರಿ ಯಾರಿಗೂ ಕಾಣುವಂಥದ್ದು: ಲಾರಿಗಳಿಗೆ ಹೊಸ ಸೇತುವೆ, ಹಳೆಯದು ಬಂಡಿ, ಬೈಕು, ಕಾಲ್ನಡಿಗೆಯವರಿಗೆ. ರೈಲಿನ ಕಮಾನಿಗೂ ಇದೇ ಸಲ್ಲುತ್ತದೆ. ಹೊಸ ಹಳಿಗೆ ಪಕ್ಕದಲ್ಲಿ ಬೇರೆ ಸೇತುವೆ ಕಟ್ಟಿದಾಗ ಹಳೆಯ ಕಮಾನು ಹೊಲದ ದಾರಿಯಾಗಬಹುದು, ಕಾಲುವೆ ಹೊರಬಹುದು, ಬೇಸಿಗೆಯಲ್ಲಿ ಒಣಗಿದ ಹಳ್ಳದ ಮೂಲಕ ದನಕರು ಹಾಯುವ ಬಾಗಿಲಾಗಿ ಉಳಿಯಬಹುದು. ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವ ಹೊಸ ಅಂಡರ್‌ಪಾಸುಗಳನ್ನು ದಾಟಿದವರಿಗೆ ಈ ಕೊನೆಯ ಕಾಯಕದ ಬೆಲೆ ಗೊತ್ತು.

ಹಾಗಾದರೆ ಕೆಡವಲೇಬೇಕಾದ ಕಮಾನು ಇಲ್ಲವೇ? ಇದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲೆ ಖಂಡಾಲಾ ಘಾಟಿನಲ್ಲಿದ್ದ, 1830ರ ಅಮೃತಾಂಜನ್ ಸೇತುವೆಯನ್ನು ಲಾಕ್‌ಡೌನಿನ ಖಾಲಿ ದಿನಗಳನ್ನು ನೋಡಿ 2020ರ ಏಪ್ರಿಲ್ 5ರಂದು ಸ್ಫೋಟಕ ಇಟ್ಟು ಉರುಳಿಸಿದರು. ಅನೇಕರು ಮರುಗಿದರು. ನಾನು ಮರುಗಲಾರೆ: ಅದರ ಕಂಬಗಳು ಇಳಿಜಾರಿನ ವೇಗದ ರಸ್ತೆಯನ್ನು ಕಿರಿದು ಮಾಡಿ ಅಪಘಾತಕ್ಕೆ ಎಡೆಕೊಟ್ಟಿದ್ದವು, ಅದರ ಮೇಲಿನ ದಾರಿಗೆ ಕೆಲಸ ಉಳಿದಿರಲಿಲ್ಲ. ಜೀವಂತರ ದಾರಿಗೆ ಅಡ್ಡ ನಿಂತ, ಕಾಯಕ ಮುಗಿದ ಸ್ಥಾವರ ಅದು. ಯಾದಗಿರಿ ಸೀಮೆಯಲ್ಲೂ ಅಂಥ ಪ್ರಸಂಗ ಬರುತ್ತದೆ, ಬಹುಶಃ ನೀರಿನ ರೂಪದಲ್ಲಿ. ಒಂದೇ ದಿನ ಸುರಿದು ಹೋಗುವ ಈಗಿನ ಮಳೆಗೆ ಕೆಲವು ಕಮಾನುಗಳ ಕಣ್ಣು ಸಣ್ಣದಾಗಬಹುದು. ಹಳಿಯ ಏರಿ ಆಗ ಒಡ್ಡಾಗಿ ಮೇಲ್ಗಡೆಯ ತೊಗರಿ ಹೊಲ, ಊರಕೇರಿ ಮುಳುಗುತ್ತದೆ. ಪಕ್ಕದಲ್ಲಿ ಇನ್ನೊಂದು ಕಣ್ಣು ತೆರೆದು ನೀರು ಹಂಚುವ ದಾರಿಯಿದ್ದರೆ ಅದು ಮೊದಲು. ಇಲ್ಲದಿದ್ದರೆ ಕಮಾನು ಹೋಗಲಿ. ಹೋಗುವ ಮುಂಚೆ ಅದರ ಅಳತೆ, ಕಲ್ಲಿನ ಜೋಡಣೆ, ಬುಡದ ಆಳ, ಗಚ್ಚಿನ ಮಿಶ್ರಣ ಇಷ್ಟನ್ನಾದರೂ ಬರೆದಿಡಬೇಕು. ಗದಗ–ವಾಡಿ ಹೊಸ ಮಾರ್ಗ ಸುರಪುರ, ಶಹಾಪುರಗಳ ಮೇಲೆ ಬರಲಿದೆ. ಇದುವರೆಗೆ ರೈಲು ಕಾಣದ ಈ ಎರಡು ಊರುಗಳ ಹಳ್ಳಗಳಿಗೆ ಎಷ್ಟು ಕಣ್ಣು, ಎಷ್ಟು ಎತ್ತರ ಬೇಕೆಂದು ಲೆಕ್ಕ ಹಾಕುವ ಎಂಜಿನಿಯರಿಗೆ, ನೂರೈವತ್ತು ಮಳೆಗಾಲ ತಾಳಿದ ಕಮಾನಿನ ಅಳತೆಗಿಂತ ನಂಬುವಂಥ ದಾಖಲೆ ಸುತ್ತಮುತ್ತ ಸಿಗಲಾರದು. ಕಿತ್ತ ಕಲ್ಲನ್ನು ಹರಾಜು ಹಾಕಿ ಖಡಿ ಮಷಿನ್ನಿಗೆ ಕಳಿಸುವ ಬದಲು ಅದೇ ಹಳ್ಳದ ದಂಡೆಗೆ, ಹೊಸ ಸೇತುವೆಯ ಬುಡ ಕೊರೆಯದಂತೆ ಹೊದಿಸುವ ಕಲ್ಲುಹಾಸಿಗೆ ಬಳಸಲಿ. ಆ ಕೆಲಸಕ್ಕೆ ಹೇಗೂ ಹೊರಗಿನಿಂದ ಕಲ್ಲು ತರಿಸಬೇಕಾಗುತ್ತದೆ.